ತೂತು, ರಂಧ್ರ, ಸುಷಿರ: ಇಂಧನ ಕೋಶದ ಆನೋಡು ಮತ್ತು ಕನ್ನಡದ ವಿಜ್ಞಾನ ಗದ್ಯ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಚರ್ಚೆಯಾಗಿಯೇ ಮುಗಿದುಹೋಗುತ್ತವೆ. ಸಂಸ್ಕೃತದ ಪದವೇ, ದೇಶ್ಯ ಪದವೇ, ಇಂಗ್ಲಿಷಿನ ಪದವನ್ನು ಹಾಗೆಯೇ ಉಳಿಸಿಕೊಳ್ಳುವುದೇ ಎಂಬ ಮೂರು ಪಕ್ಷಗಳು ನಮ್ಮಲ್ಲಿ ಬಹುಕಾಲದಿಂದ ಇವೆ. ಪ್ರತಿ ಪಕ್ಷಕ್ಕೂ ಅದರದೇ ಆದ ಸಮರ್ಥನೆಯೂ ಇದೆ. ಆದರೆ ಪದ ನಿಂತಿರುವುದು ವಸ್ತುವಿನ ಮೇಲೆ. ವಸ್ತುವಿನ ನಡೆಯನ್ನು ಅರಿಯದೆ ಪದವನ್ನು ತೂಗಿ ನೋಡಲಾಗದು. ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಒಂದು ಆಧುನಿಕ ತಾಂತ್ರಿಕ ಪ್ರಕ್ರಿಯೆಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ವಿವರಿಸಲು ಯತ್ನಿಸುತ್ತದೆ. ಘನ ಆಕ್ಸೈಡ್ ಇಂಧನ ಕೋಶದ ಸರಂಧ್ರ ಆನೋಡನ್ನು ದ್ರವರೂಪದ ಕಚ್ಚಾ ಸಾಮಗ್ರಿಯಿಂದ ಪ್ಲಾಸ್ಮಾ ಸಿಂಪರಣೆಯ ಮೂಲಕ ತಯಾರಿಸುವುದೇ ಆ ಪ್ರಕ್ರಿಯೆ. ಹಾಗೆ ವಿವರಿಸುವಾಗ ನಮ್ಮ ಪದಗಳು ಎಲ್ಲಿ ನೆರವಾಗುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನೂ ಗುರುತಿಸುವುದು ಇಲ್ಲಿನ ಉದ್ದೇಶ.

ನಾನು ಈ ವಿಷಯಕ್ಕೆ ಬಂದದ್ದು ಒಂದು ತಪ್ಪಿನ ಮೂಲಕ. ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದಕ್ಕಾಗಿ ಇಂಧನ ಕೋಶವನ್ನು ಕುರಿತ ಕಿರು ಬರಹವೊಂದನ್ನು ಅನುವಾದಿಸಿದಾಗ 'ಆನೋಡ್' ಎಂದಿದ್ದೆಡೆಯಲ್ಲೆಲ್ಲ ಶಾಲೆಯಲ್ಲಿ ಕಲಿತಿದ್ದ 'ಧನಾಗ್ರ' ಎಂಬ ಪದವನ್ನು ನಿಸ್ಸಂಕೋಚವಾಗಿ ಬಳಸಿದ್ದೆ. ಬರಹ ಅಚ್ಚಾದ ಮೇಲೆ ಎಂಜಿನಿಯರಿಂಗ್ ಓದುತ್ತಿದ್ದ ಓದುಗರೊಬ್ಬರು ಪತ್ರ ಬರೆದರು. "ಇಂಧನ ಕೋಶದಲ್ಲಿ ಆನೋಡು ಋಣ ತುದಿ. ನಿಮ್ಮ ಬರಹದ ಪ್ರಕಾರ ತಂತಿ ಜೋಡಿಸಿದರೆ ಎಲ್ಲವೂ ತಿರುಗುಮುರುಗಾಗುತ್ತದೆ" ಎಂಬುದು ಅದರ ತಾತ್ಪರ್ಯ. ಅವರು ಹೇಳಿದ್ದು ಸರಿಯಾಗಿತ್ತು. ನಾನು ಮೂಲಕ್ಕೆ ನಿಷ್ಠನಾಗಿಯೇ ಇದ್ದೆ, ಕನ್ನಡದ ರೂಢಿಗೂ ನಿಷ್ಠನಾಗಿದ್ದೆ. ಆದರೂ ವಾಕ್ಯ ಸುಳ್ಳಾಗಿತ್ತು. ಈ ಮಾತಿಗೆ ಮುಂದೆ ಮರಳುತ್ತೇನೆ.

1

ಇಂಧನ ಕೋಶವೆಂದರೆ ಇಂಧನವನ್ನು ಉರಿಸದೆಯೇ ಅದರ ರಾಸಾಯನಿಕ ಶಕ್ತಿಯನ್ನು ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸುವ ಸಾಧನ. ವಿಲಿಯಂ ಗ್ರೋವ್ 1839ರಲ್ಲಿ ಜಲಜನಕ ಮತ್ತು ಆಮ್ಲಜನಕಗಳಿಂದ ವಿದ್ಯುತ್ ಪಡೆದು ತೋರಿಸಿದ. ಅವನ ಕೋಶದಲ್ಲಿ ಎರಡು ಅನಿಲಗಳ ನಡುವೆ ಇದ್ದದ್ದು ದುರ್ಬಲ ಆಮ್ಲ. ನಡುವಣ ಈ ಮಾಧ್ಯಮವೇ ವಿದ್ಯುದ್ವಿಭಾಜ್ಯ. ಘನ ಆಕ್ಸೈಡ್ ಕೋಶದಲ್ಲಿ ವಿದ್ಯುದ್ವಿಭಾಜ್ಯವು ದ್ರವವಲ್ಲ, ಗಟ್ಟಿಯಾದ ಸೆರಾಮಿಕ್ ಪದರ. ಯಿಟ್ರಿಯಂ ಆಕ್ಸೈಡನ್ನು ಬೆರೆಸಿದ ಜಿರ್ಕೋನಿಯಂ ಆಕ್ಸೈಡ್, ಅಂದರೆ ಜಿರ್ಕೋನಿಯಾ, ಕಾದಾಗ ವಿದ್ಯುತ್ತನ್ನು ಒಯ್ಯುತ್ತದೆ ಎಂಬುದನ್ನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 19ನೆಯ ಶತಮಾನದ ಕೊನೆಯಲ್ಲಿ ಗುರುತಿಸಿ ಅದರಿಂದ ದೀಪವನ್ನೂ ತಯಾರಿಸಿದ್ದ. ಅದೇ ಬಗೆಯ ಸೆರಾಮಿಕ್‌ಗಳನ್ನು ಇಟ್ಟುಕೊಂಡು ಬೌರ್ ಮತ್ತು ಪ್ರೈಸ್ ಎಂಬ ಇಬ್ಬರು ವಿಜ್ಞಾನಿಗಳು 1937ರಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಇಂಧನ ಕೋಶವನ್ನು ನಡೆಸಿದರು. ಇಂದಿನ ಕೋಶಗಳು ಸಾಮಾನ್ಯವಾಗಿ 600ರಿಂದ 1000 ಡಿಗ್ರಿಯ ನಡುವೆ ಕೆಲಸ ಮಾಡುತ್ತವೆ.

ಇದರ ಒಳನಡೆ ಕುತೂಹಲಕರವಾದುದು. ಜಿರ್ಕೋನಿಯಂ ಅಯಾನಿನ ಧನಾವೇಶ ನಾಲ್ಕು, ಯಿಟ್ರಿಯಂ ಅಯಾನಿನದು ಮೂರು. ಎರಡು ಜಿರ್ಕೋನಿಯಂಗಳ ಜಾಗದಲ್ಲಿ ಎರಡು ಯಿಟ್ರಿಯಂಗಳು ಬಂದು ಕುಳಿತರೆ ಲೆಕ್ಕ ಸರಿದೂಗಲು ಒಂದು ಆಮ್ಲಜನಕದ ಸ್ಥಾನ ಖಾಲಿಯಾಗಬೇಕು. ಕಾದ ಸೆರಾಮಿಕ್‌ನಲ್ಲಿ ಪಕ್ಕದ ಆಮ್ಲಜನಕದ ಅಯಾನು ಆ ಖಾಲಿ ಸ್ಥಾನಕ್ಕೆ ಜಿಗಿಯುತ್ತದೆ. ಅದು ತೆರವು ಮಾಡಿದ ಸ್ಥಾನಕ್ಕೆ ಇನ್ನೊಂದು ಜಿಗಿಯುತ್ತದೆ. ಹೀಗೆ ಅಯಾನುಗಳು ಒಂದು ದಿಕ್ಕಿಗೂ ಖಾಲಿತನವು ಇನ್ನೊಂದು ದಿಕ್ಕಿಗೂ ಸಾಗುತ್ತವೆ. ಪದರದ ಒಂದು ಮಗ್ಗುಲಲ್ಲಿ ಗಾಳಿಯ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಪಡೆದು ಅಯಾನಾಗುತ್ತದೆ; ಈ ಮಗ್ಗುಲೇ ಕ್ಯಾಥೋಡು. ಅಯಾನು ಸೆರಾಮಿಕ್ಕಿನ ಮೂಲಕ ಹಾದು ಇನ್ನೊಂದು ಮಗ್ಗುಲಿಗೆ ಬಂದು ಜಲಜನಕದೊಡನೆ ಕೂಡಿ ನೀರಿನ ಆವಿಯಾಗುತ್ತದೆ ಮತ್ತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಈ ಮಗ್ಗುಲೇ ಆನೋಡು. ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರುವುದೇ ನಾವು ಬಳಸುವ ವಿದ್ಯುತ್ತು.

ಈಗ 'ಧನಾಗ್ರ'ದ ತೊಡಕು ಸ್ಪಷ್ಟವಾಗುತ್ತದೆ. ಎಲೆಕ್ಟ್ರಾನುಗಳು ಹೊರಬೀಳುವ ತುದಿ ಋಣ ತುದಿಯಾಗಿರಲೇಬೇಕು. ಹೊರಗಿನಿಂದ ವಿದ್ಯುತ್ ಹಾಯಿಸಿ ನೀರನ್ನು ಒಡೆಯುವಾಗ ಆನೋಡು ಧನ ತುದಿ. ಕೋಶವೇ ವಿದ್ಯುತ್ ಕೊಡುವಾಗ ಆನೋಡು ಋಣ ತುದಿ. ಎರಡರಲ್ಲೂ ಬದಲಾಗದೆ ಉಳಿಯುವ ಸಂಗತಿ ಒಂದೇ: ಆನೋಡಿನಲ್ಲಿ ನಡೆಯುವುದು ಉತ್ಕರ್ಷಣೆ. ನಮ್ಮ ಪಠ್ಯಗಳು ಮೊದಲ ಸಂದರ್ಭವನ್ನು ಮಾತ್ರ ನೋಡಿ ಪದ ಕಟ್ಟಿದವು. ಮೈಕೇಲ್ ಫ್ಯಾರಡೆ 1834ರಲ್ಲಿ ವಿಲಿಯಂ ಹ್ಯೂಯೆಲ್‌ನ ಸಲಹೆಯಂತೆ 'ಆನೋಡ್' ಎಂಬ ಪದವನ್ನು ಬಳಕೆಗೆ ತಂದಾಗ ಅದರಲ್ಲಿ ಧನವೂ ಇರಲಿಲ್ಲ, ಋಣವೂ ಇರಲಿಲ್ಲ. ಗ್ರೀಕಿನಲ್ಲಿ ಅದರ ಅರ್ಥ 'ಮೇಲೇರುವ ದಾರಿ' ಎಂದಷ್ಟೆ. ವಿದ್ಯುತ್ತು ಸೂರ್ಯನಂತೆ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆಂದು ಕಲ್ಪಿಸಿಕೊಂಡರೆ ಸೂರ್ಯನು ಏರುವ ಕಡೆ ಆನೋಡು, ಇಳಿಯುವ ಕಡೆ ಕ್ಯಾಥೋಡು. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಅಚ್ಚರಿಯೊಂದು ಕಾದಿದೆ. ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ ಎಂದು ದಿಕ್ಕುಗಳಿಗೆ ಹೆಸರಿಟ್ಟ ಭಾಷೆ ನಮ್ಮದು. ಫ್ಯಾರಡೆಯ ರೂಪಕವು ನಮ್ಮಲ್ಲಿ ಆಗಲೇ ಸಿದ್ಧವಾಗಿತ್ತು. 'ಮೂಡುಗೊನೆ', 'ಪಡುಗೊನೆ' ಎಂದಿದ್ದರೆ ಮೂಲಕ್ಕೆ ಹೆಚ್ಚು ಸಮೀಪವಾಗುತ್ತಿತ್ತು. ಬಾಳೆಗೊನೆ ನೆನಪಾಗುತ್ತದೆ ಎಂಬ ಆಕ್ಷೇಪ ಬರಬಹುದು. ಅದನ್ನು ನಾನೂ ತಳ್ಳಿಹಾಕಲಾರೆ. ವಿವರಣೆಯ ಅಗತ್ಯವಿರುವಲ್ಲಿ 'ಉತ್ಕರ್ಷಣಾಗ್ರ' ಎನ್ನಬಹುದು. ಈ ಲೇಖನದಲ್ಲಿ ಆನೋಡು ಎಂದೇ ಬಳಸಿದ್ದೇನೆ. ಉಕಾರ ಸೇರಿಸಿಕೊಂಡು ವಿಭಕ್ತಿ ಪ್ರತ್ಯಯಗಳನ್ನು ಹೊರುವ ಎರವಲು ಪದವು ತಪ್ಪು ಅರ್ಥವನ್ನು ಹೊರುವ ಸ್ವಂತ ಪದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

2

ಆನೋಡಿನಲ್ಲಿ ಮೂರು ಸಂಗತಿಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಇಂಧನ ಅನಿಲ ಅಲ್ಲಿಗೆ ತಲುಪಬೇಕು, ಆಮ್ಲಜನಕದ ಅಯಾನು ಅಲ್ಲಿಗೆ ತಲುಪಬೇಕು, ಬಿಡುಗಡೆಯಾದ ಎಲೆಕ್ಟ್ರಾನು ಅಲ್ಲಿಂದ ಹೊರಡಬೇಕು. ಅಯಾನಿಗೆ ಜಿರ್ಕೋನಿಯಾ ದಾರಿ, ಎಲೆಕ್ಟ್ರಾನಿಗೆ ಲೋಹ ದಾರಿ, ಅನಿಲಕ್ಕೆ ಬಯಲೇ ದಾರಿ. ಸೆರಾಮಿಕ್, ಲೋಹ, ಬಯಲು ಈ ಮೂರೂ ಸಂಧಿಸುವ ಗೆರೆಯ ಉದ್ದಕ್ಕೂ ಮಾತ್ರ ಕ್ರಿಯೆ ನಡೆಯುತ್ತದೆ. ಇದನ್ನು 'ತ್ರಿಪ್ರಾವಸ್ಥಾ ಸೀಮಾರೇಖೆ' ಎಂದು ಅನುವಾದಿಸಿದರೆ ತಪ್ಪೇನಿಲ್ಲ, ಆದರೆ ಓದುಗನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ನದಿಗಳು ಸೇರುವ ಎಡೆಯನ್ನು ಕೂಡಲು ಎನ್ನುವ ನಾವು ಇದನ್ನು 'ಮುಕ್ಕೂಡಲು' ಎನ್ನಬಹುದೆಂದು ತೋರುತ್ತದೆ. ಮುಕ್ಕೂಡಲಿನ ಒಟ್ಟು ಉದ್ದ ಹೆಚ್ಚಿದಷ್ಟೂ ಆನೋಡು ಉತ್ತಮ.

ಲೋಹವಾಗಿ ಆಯ್ಕೆಯಾಗಿರುವುದು ನಿಕ್ಕಲ್. ಅದು ಜಲಜನಕವನ್ನು ಒಡೆಯುವ ಒಳ್ಳೆಯ ಕ್ರಿಯಾವರ್ಧಕ, ಪ್ಲಾಟಿನಂನಷ್ಟು ದುಬಾರಿಯಲ್ಲ. ಆದರೆ ಬರಿಯ ನಿಕ್ಕಲ್ ಕಾವಿನಲ್ಲಿ ಜಿರ್ಕೋನಿಯಾಕ್ಕಿಂತ ಹೆಚ್ಚು ಹಿಗ್ಗುತ್ತದೆ. ಕಾದು ಆರುವ ಪ್ರತಿ ಸಲವೂ ಪದರ ಕಿತ್ತುಬರುವ ಭಯ. ಅಲ್ಲದೆ ನಿಕ್ಕಲಿನ ಕಣಗಳು ದೀರ್ಘಕಾಲ ಕಾದಾಗ ಒಂದಕ್ಕೊಂದು ಬೆಸೆದು ದಪ್ಪಗಾಗುತ್ತವೆ, ಮುಕ್ಕೂಡಲು ಕುಗ್ಗುತ್ತದೆ. ಆದ್ದರಿಂದ ನಿಕ್ಕಲನ್ನೂ ಜಿರ್ಕೋನಿಯಾವನ್ನೂ ಬೆರೆಸುತ್ತಾರೆ. ಜಿರ್ಕೋನಿಯಾ ಹಂದರವಾಗಿ ನಿಂತು ನಿಕ್ಕಲನ್ನು ಹಿಡಿದಿಡುತ್ತದೆ. ನಿಕ್ಕಲಿನ ಕಣಗಳು ಒಂದನ್ನೊಂದು ಮುಟ್ಟಿಕೊಂಡು ಅಖಂಡ ದಾರಿಯಾಗಬೇಕಾದರೆ ಘನಭಾಗದಲ್ಲಿ ಅದರ ಗಾತ್ರಪಾಲು ಸುಮಾರು ಶೇ. 30ರಷ್ಟಾದರೂ ಇರಬೇಕು.

ಇನ್ನು ಬಯಲು. ಆನೋಡಿನಲ್ಲಿ ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಗಾತ್ರ ಖಾಲಿಯಾಗಿರಬೇಕೆಂದು ಹೇಳಲಾಗುತ್ತದೆ. ಇದಕ್ಕೆ ನಿಕ್ಕಲ್ ಒದಗಿಸುವ ಸೊಗಸಾದ ಉಪಾಯವೊಂದಿದೆ. ಪದರವನ್ನು ಕಟ್ಟುವಾಗ ನಿಕ್ಕಲನ್ನು ಆಕ್ಸೈಡ್ ರೂಪದಲ್ಲಿ ಇಡುತ್ತಾರೆ. ಕೋಶವನ್ನು ಮೊದಲ ಬಾರಿಗೆ ಕಾಯಿಸಿ ಜಲಜನಕ ಹಾಯಿಸಿದಾಗ ನಿಕ್ಕಲ್ ಆಕ್ಸೈಡು ತನ್ನ ಆಮ್ಲಜನಕವನ್ನು ಕಳೆದುಕೊಂಡು ನಿಕ್ಕಲಾಗುತ್ತದೆ. ಆಗ ಆ ಕಣದ ಗಾತ್ರ ಸುಮಾರು ಶೇ. 40ರಷ್ಟು ಕುಗ್ಗುತ್ತದೆ. ಹಂದರವಾದ ಜಿರ್ಕೋನಿಯಾ ಕದಲದೆ ನಿಂತಿರುವುದರಿಂದ ಕುಗ್ಗಿದಷ್ಟು ಜಾಗವೂ ಬಯಲಾಗಿ ಉಳಿಯುತ್ತದೆ. ಇದು ಸಾಲದಾದಾಗ ಪಿಷ್ಟ, ಹಿಟ್ಟು, ಇಂಗಾಲದ ಪುಡಿ ಮುಂತಾದವನ್ನು ಬೆರೆಸಿ ಆಮೇಲೆ ಸುಟ್ಟು ಕಳೆಯುವ ರೂಢಿಯೂ ಇದೆ. ಇಟ್ಟಿಗೆಯ ಮಣ್ಣಿಗೆ ಭತ್ತದ ಹೊಟ್ಟು ಬೆರೆಸುವುದನ್ನು ಕಂಡವರಿಗೆ ಇದು ಹೊಸತೆನಿಸಲಾರದು.

'ಎಲ್ಲರ ಮನೆ ದೋಸೆಯೂ ತೂತೇ' ಎಂಬ ಗಾದೆಯಲ್ಲಿ ತೂತು ಕುಂದಿನ ಸಂಕೇತ. ಆನೋಡಿನಲ್ಲಿ ತೂತೇ ಗುಣ. ಆದರೆ ಎಲ್ಲ ತೂತೂ ಅಲ್ಲ. ಭಾಷಿಕರಾದ ನಾವು ಗಮನಿಸಬೇಕಾದುದು ಈ ವಿವೇಚನೆಯನ್ನು. ವಿಜ್ಞಾನ ಪಠ್ಯಗಳಲ್ಲಿ 'ಸರಂಧ್ರತೆ' ಎಂಬ ಒಂದೇ ಪದ ಎಲ್ಲ ಬಗೆಯ ಖಾಲಿತನಕ್ಕೂ ಸಲ್ಲುತ್ತದೆ. ವಾಸ್ತವದಲ್ಲಿ ನಾಲ್ಕು ಕಡೆಯಿಂದಲೂ ಮುಚ್ಚಿಹೋದ ಗುಳ್ಳೆಯಿಂದ ಅನಿಲಕ್ಕೆ ಏನೂ ಪ್ರಯೋಜನವಿಲ್ಲ. ಅದು ಪೊಳ್ಳು. ಪದರ ಪದರಗಳ ನಡುವೆ ಉಳಿದದ್ದು ಸಂದು. ಆರುವಾಗ ಒತ್ತಡದಿಂದ ಸೀಳಿದ್ದು ಬಿರುಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಲು ಬಿಡುವುದು ಕಿಂಡಿ. ಸೂಕ್ಷ್ಮದರ್ಶಕದ ಚಿತ್ರವನ್ನು ಮುಂದಿಟ್ಟುಕೊಂಡು ತಜ್ಞರು ಮಾಡುವ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. ಶೇಕಡಾವಾರು ಒಂದೇ ಆದರೂ ಪೊಳ್ಳುಗಳೇ ತುಂಬಿದ ಆನೋಡು ಉಸಿರುಗಟ್ಟುತ್ತದೆ, ಕಿಂಡಿಗಳು ಕೂಡಿಕೊಂಡ ಆನೋಡು ಕೆಲಸ ಮಾಡುತ್ತದೆ. ಒಂದಕ್ಕೊಂದು ಕೂಡಿಕೊಂಡು ಅನಿಲವನ್ನು ಹಾಯಲು ಬಿಡುವ ಖಾಲಿತನಕ್ಕೆ ಪ್ರತ್ಯೇಕ ಪದ ಬೇಕಾದರೆ ನಮ್ಮ ಸಂಗೀತಶಾಸ್ತ್ರದಲ್ಲಿಯೇ ಅದು ದೊರೆಯುತ್ತದೆ. ತತ, ಅವನದ್ಧ, ಘನ, ಸುಷಿರ ಎಂದು ವಾದ್ಯಗಳನ್ನು ವಿಂಗಡಿಸುವಾಗ ಕೊಳಲು, ನಾಗಸ್ವರಗಳು ಸುಷಿರವಾದ್ಯಗಳು. ಅಲ್ಲಿ ಖಾಲಿತನ ಇದ್ದರಷ್ಟೇ ಸಾಲದು, ಉಸಿರು ಹಾಯಬೇಕು. ಈ ಅರ್ಥದಲ್ಲಿ 'ಸುಷಿರತೆ'ಯನ್ನು 'ಸರಂಧ್ರತೆ'ಯಿಂದ ಬೇರ್ಪಡಿಸಿ ಬಳಸಬಹುದು.

3

ಆನೋಡನ್ನು ತಯಾರಿಸುವ ಹೆಚ್ಚು ಪ್ರಚಲಿತವಾದ ವಿಧಾನ ಸಂಪ್ರದಾಯದ ಕುಂಬಾರಿಕೆಗೆ ಹತ್ತಿರವಾದುದು. ಪುಡಿಯನ್ನು ಅಂಟಿನೊಡನೆ ಕಲಸಿ, ಹಾಳೆಯಂತೆ ಹರಡಿ, ಒಣಗಿಸಿ, ಸುಮಾರು 1300ರಿಂದ 1400 ಡಿಗ್ರಿ ತಾಪದ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಡುತ್ತಾರೆ. ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದು ಚೆನ್ನಾಗಿ ಪಳಗಿದ ವಿಧಾನ. ಆದರೆ ಕೋಶಕ್ಕೆ ಆಧಾರವಾಗಿ ಅಗ್ಗದ, ಗಟ್ಟಿಮುಟ್ಟಾದ ಸ್ಟೇನ್‌ಲೆಸ್ ಉಕ್ಕಿನ ತಟ್ಟೆಯನ್ನು ಬಳಸಬೇಕೆಂದರೆ ಅಂಥ ಕುಲುಮೆಯಲ್ಲಿ ಗಾಳಿಯಾಡುವಂತೆ ಸುಟ್ಟರೆ ಉಕ್ಕು ಕೆಟ್ಟುಹೋಗುತ್ತದೆ. ಪ್ಲಾಸ್ಮಾ ಸಿಂಪರಣೆಯ ಆಕರ್ಷಣೆ ಇರುವುದು ಇಲ್ಲಿ. ಅದರಲ್ಲಿ ಕಾಯುವುದು ಹಾರುವ ಕಣ. ತಟ್ಟೆಯ ತಾಪ ಕೆಲವು ನೂರು ಡಿಗ್ರಿಗಳನ್ನು ಮೀರದಂತೆ ನೋಡಿಕೊಳ್ಳಬಹುದು. ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಪ್ಲಾಸ್ಮಾ ಎಂದೊಡನೆ ರಕ್ತದ ಪ್ಲಾಸ್ಮಾ ನೆನಪಾಗುವುದು ಸಹಜ. ಅಯಾನೀಕೃತ ಅನಿಲಕ್ಕೆ ಈ ಹೆಸರಿಟ್ಟವನು ಇರ್ವಿಂಗ್ ಲ್ಯಾಂಗ್ಮ್ಯೂರ್, 1928ರಲ್ಲಿ. ಸಿಂಪರಣೆಯ ಬಂದೂಕಿನೊಳಗೆ ವಿದ್ಯುತ್ ಚಾಪದ ಮೂಲಕ ಆರ್ಗಾನ್, ಜಲಜನಕ, ಸಾರಜನಕ ಮುಂತಾದ ಅನಿಲಗಳನ್ನು ಹಾಯಿಸಿದಾಗ ಅವುಗಳ ತಾಪ ಹತ್ತು ಸಾವಿರ ಡಿಗ್ರಿಯನ್ನೂ ಮೀರುತ್ತದೆ ಮತ್ತು ಅನಿಲ ಧಾರೆಯಾಗಿ ಹೊರಚಿಮ್ಮುತ್ತದೆ. ಈ ಧಾರೆಗೆ ಪುಡಿಯನ್ನು ಉಣಿಸಿದರೆ ಕಣಗಳು ಕರಗಿ, ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ತಟ್ಟೆಗೆ ಬಡಿದು, ಕಾವಲಿಯ ಮೇಲೆ ಹುಯ್ದ ಹಿಟ್ಟಿನಂತೆ ಹರಡಿ ಕ್ಷಣದಲ್ಲಿ ಗಟ್ಟಿಯಾಗುತ್ತವೆ. ಹರಡಿದ ಬಿಲ್ಲೆಗಳ ಮೇಲೆ ಬಿಲ್ಲೆ ಕೂತು ಪದರವಾಗುತ್ತದೆ. ಕಾವಲಿಯಲ್ಲಿ ಹಿಟ್ಟನ್ನು ಹರಡುವುದು ಕೈ. ಇಲ್ಲಿ ಹರಡುವುದು ಕಣದ ವೇಗ.

ಆದರೆ ಪುಡಿಗೆ ಒಂದು ಮಿತಿಯಿದೆ. ಪ್ಲಾಸ್ಮಾ ಸಿಂಪರಣೆಗೆ ವಾಡಿಕೆಯಾಗಿ ಬಳಸುವ ಕಣಗಳ ಅಳತೆ ಸುಮಾರು 10ರಿಂದ 100 ಮೈಕ್ರೋಮೀಟರ್. ಅಂಥ ಕಣದಿಂದ ದೊಡ್ಡ ಬಿಲ್ಲೆ, ದೊಡ್ಡ ಬಿಲ್ಲೆಯಿಂದ ಒರಟು ರಚನೆ, ಒರಟು ರಚನೆಯಲ್ಲಿ ಮುಕ್ಕೂಡಲು ಕಡಿಮೆ. ಕಣವನ್ನು ಸಣ್ಣದು ಮಾಡೋಣವೆಂದರೆ ನಯವಾದ ಪುಡಿ ಮುದ್ದೆಗಟ್ಟಿ ಕೊಳವೆಯನ್ನು ಕಟ್ಟಿಹಾಕುತ್ತದೆ. ಗೋಧಿ ರವೆ ಸಲೀಸಾಗಿ ಸುರಿಯುತ್ತದೆ, ಮೈದಾ ಸುರಿಯುವುದಿಲ್ಲ ಎಂಬ ಅಡುಗೆಮನೆಯ ಅನುಭವವೇ ಇದು. ಇಷ್ಟಾಗಿಯೂ ಒಳಹೊಕ್ಕ ಸಣ್ಣ ಕಣಕ್ಕೆ ಪ್ಲಾಸ್ಮಾದ ನಡುವನ್ನು ಭೇದಿಸುವಷ್ಟು ಸಂವೇಗ ಇರುವುದಿಲ್ಲ, ಅಂಚಿನಲ್ಲಿಯೇ ತೇಲಿಹೋಗುತ್ತದೆ.

ಪರಿಹಾರವೆಂದರೆ ಕಣಕ್ಕೆ ದ್ರವದ ವಾಹನವನ್ನು ಒದಗಿಸುವುದು. 1990ರ ದಶಕದಲ್ಲಿ ಕೆನಡಾದ ಶೆರ್ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಈ ದಿಸೆಯ ಮಹತ್ವದ ಆರಂಭಿಕ ಕೆಲಸ ನಡೆಯಿತು. ಮುಂದೆ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಇಂಧನ ಕೋಶದ ಪದರಗಳಿಗೆ ಇದನ್ನು ಅಳವಡಿಸುವ ಪ್ರಯೋಗಗಳನ್ನು ಮಾಡಿದ್ದಾರೆ. ದ್ರವ ಸಾಮಗ್ರಿ ಎರಡು ಬಗೆ. ಮೊದಲನೆಯದರಲ್ಲಿ ಮೈಕ್ರೋಮೀಟರಿಗಿಂತ ಚಿಕ್ಕದಾದ ನಿಕ್ಕಲ್ ಆಕ್ಸೈಡ್ ಮತ್ತು ಜಿರ್ಕೋನಿಯಾ ಕಣಗಳನ್ನು ನೀರಿನಲ್ಲಿ ಅಥವಾ ಎಥನಾಲಿನಲ್ಲಿ ಕದಡಿ, ತಳಕ್ಕಿಳಿಯದಂತೆ ಚದರಿಸುವ ವಸ್ತುವೊಂದನ್ನು ಸೇರಿಸುತ್ತಾರೆ. ಇದಕ್ಕೆ 'ನಿಲಂಬನ' ಎಂಬ ಪದವನ್ನು ಬಳಸುವುದುಂಟು. ಗೋಬರ್ ಅನಿಲದ ಗುಂಡಿಯ ಬಳಿ ರೈತರು ಆಡುವ 'ಬಗ್ಗಡ' ಇದಕ್ಕೆ ಏಕೆ ಆಗಬಾರದು? ಪದದ ಘನತೆ ಕುಗ್ಗುತ್ತದೆ ಎಂಬುದಷ್ಟೇ ಕಾರಣವಾದರೆ ಅದು ಸಾಕಷ್ಟು ಕಾರಣವಲ್ಲ. ಎರಡನೆಯದು ನಿಜವಾದ ದ್ರಾವಣ. ನಿಕ್ಕಲ್, ಜಿರ್ಕೋನಿಯಂ, ಯಿಟ್ರಿಯಂಗಳ ನೈಟ್ರೇಟಿನಂಥ ಲವಣಗಳನ್ನು ಕರಗಿಸಿದ ದ್ರವ. ಅದರಲ್ಲಿ ಕಣವೇ ಇಲ್ಲ. ಹಾರಾಟದ ನಡುವೆ ಲವಣ ವಿಭಜನೆಗೊಂಡು ಆಕ್ಸೈಡಿನ ಕಣ ಹುಟ್ಟಬೇಕು.

4

ಪ್ಲಾಸ್ಮಾವನ್ನು ಹೊಕ್ಕ ಬಗ್ಗಡದ ಹನಿಗೆ ಏನಾಗುತ್ತದೆ ಎಂಬುದು ಈ ಪ್ರಕ್ರಿಯೆಯ ಹೃದಯಭಾಗ. ಎಲ್ಲವೂ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲು ಧಾರೆಯ ರಭಸ ಹನಿಯನ್ನು ಹರಿದು ಚೂರು ಮಾಡುತ್ತದೆ. ಹನಿಯ ಮೇಲ್ಮೈ ಎಳೆತ ಅದನ್ನು ಒಂದಾಗಿ ಹಿಡಿಯಲು ಯತ್ನಿಸುತ್ತದೆ, ಧಾರೆ ಅದನ್ನು ಸೀಳಲು ಯತ್ನಿಸುತ್ತದೆ. ಆಮೇಲೆ ದ್ರವ ಆವಿಯಾಗುತ್ತದೆ. ಹನಿಯೊಳಗಿದ್ದ ಕಣಗಳು ಒತ್ತಾಗಿ ಸೇರಿ ಉಂಡೆಯಾಗುತ್ತವೆ, ಉಂಡೆ ಬೆಸೆಯುತ್ತದೆ, ಕೊನೆಗೆ ಕರಗುತ್ತದೆ. ಅಂತಿಮ ಬಿಲ್ಲೆಯ ಅಳತೆಯನ್ನು ನಿರ್ಧರಿಸುವುದು ಮೂಲ ಕಣವಲ್ಲ, ಹನಿ ಎಷ್ಟು ಸಣ್ಣದಾಗಿ ಒಡೆಯಿತು ಮತ್ತು ಅದರಲ್ಲಿ ಎಷ್ಟು ಕಣಗಳಿದ್ದವು ಎಂಬುದು.

ಆವಿಯಾಗುವುದಕ್ಕೆ ಬೆಲೆ ತೆರಬೇಕು. ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2260 ಕಿಲೋಜೌಲ್ ಗುಪ್ತೋಷ್ಣ ಬೇಕು. ಎಥನಾಲಿಗೆ ಸುಮಾರು 850 ಸಾಕು. ಮೇಲಾಗಿ ಎಥನಾಲಿನ ಆವಿ ಗಾಳಿಯೊಡನೆ ಉರಿದು ಒಂದಿಷ್ಟು ಶಾಖವನ್ನು ಮರಳಿಸುತ್ತದೆ. ನೀರು ಪ್ಲಾಸ್ಮಾವನ್ನು ತಣಿಸುತ್ತದೆ, ಆದರೆ ಅಗ್ಗ, ನಿರಪಾಯಕಾರಿ. ಎಥನಾಲಿನಲ್ಲಿ ಬೆಂಕಿಯ ಭಯ. ಸಣ್ಣ ಕಣ ಬೇಗ ಕಾದಂತೆ ಬೇಗ ಆರುತ್ತದೆ ಮತ್ತು ಬೇಗ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಪುಡಿಯ ಸಿಂಪರಣೆಯಲ್ಲಿ ತಟ್ಟೆ ಬಂದೂಕಿನಿಂದ 100 ಮಿಲಿಮೀಟರಿಗೂ ಹೆಚ್ಚು ದೂರದಲ್ಲಿರಬಹುದಾದರೆ ಇಲ್ಲಿ ಅದನ್ನು ಅದರ ಅರ್ಧದಷ್ಟು ದೂರಕ್ಕೆ ತರಬೇಕಾಗುತ್ತದೆ. ಹತ್ತಿರ ತಂದರೆ ತಟ್ಟೆಯೇ ಕಾಯುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವ ಸ್ಥಿತಿ ಈ ವಿಧಾನದುದ್ದಕ್ಕೂ ಕಾಣುತ್ತದೆ.

ಎರಡು ವಸ್ತುಗಳ ಕರಗುವ ಬಿಂದುಗಳ ಅಂತರ ಇನ್ನೊಂದು ತೊಡಕು. ನಿಕ್ಕಲ್ ಆಕ್ಸೈಡು ಸುಮಾರು 1955 ಡಿಗ್ರಿಯಲ್ಲಿ ಕರಗಿದರೆ ಜಿರ್ಕೋನಿಯಾ ಕರಗಲು ಸುಮಾರು 2700 ಡಿಗ್ರಿ ಬೇಕು. ಜಿರ್ಕೋನಿಯಾಕ್ಕೆ ಹಿತವಾದ ಕಾವಿನಲ್ಲಿ ನಿಕ್ಕಲ್ ಆಕ್ಸೈಡಿನ ಒಂದು ಪಾಲು ಆವಿಯಾಗಿ ಹೋಗಬಹುದು. ನಿಕ್ಕಲ್ ಆಕ್ಸೈಡಿಗೆ ಹಿತವಾದ ಕಾವಿನಲ್ಲಿ ಜಿರ್ಕೋನಿಯಾ ಕರಗದೆ ಪುಟಿದು ಬೀಳಬಹುದು. ಬಗ್ಗಡದಲ್ಲಿ ಬೆರೆಸಿದ ಪ್ರಮಾಣವೇ ಪದರದಲ್ಲಿಯೂ ಇರುತ್ತದೆಂದು ನಂಬುವಂತಿಲ್ಲ.

ಇಲ್ಲೊಂದು ವಿರೋಧಾಭಾಸವನ್ನೂ ಗಮನಿಸಬೇಕು. ನುಣ್ಣನೆಯ ಕಣಗಳು ಪೂರ್ತಿ ಕರಗಿ ಬಡಿದರೆ ದೊರೆಯುವುದು ದಟ್ಟವಾದ ಪದರ. ಅನಿಲ ಸೋರಬಾರದಾದ ವಿದ್ಯುದ್ವಿಭಾಜ್ಯಕ್ಕೆ ಅದು ವರ, ಆನೋಡಿಗೆ ಶಾಪ. ಆದ್ದರಿಂದ ಆನೋಡಿಗಾಗಿ ಅರೆಬರೆ ಕರಗುವಂತೆ ಕಾವನ್ನು ಇಳಿಸುವುದು, ದೂರವನ್ನು ಬದಲಿಸುವುದು, ಸುಟ್ಟುಹೋಗುವ ಪುಡಿಯನ್ನು ಸೇರಿಸುವುದು ಮುಂತಾದ ಉಪಾಯಗಳಿವೆ. ಇನ್ನೊಂದು ತಾನಾಗಿ ಒದಗುವಂಥದು. ತಟ್ಟೆಯ ಸಮೀಪದಲ್ಲಿ ಅನಿಲ ಪಕ್ಕಕ್ಕೆ ತಿರುಗಿ ಹರಿಯುತ್ತದೆ. ದೊಡ್ಡ ಕಣ ನೇರವಾಗಿ ಬಂದು ಬಡಿಯುತ್ತದೆ. ಸಣ್ಣದು ಅನಿಲದೊಡನೆ ಓರೆಯಾಗಿ ಹರಿದು ತಟ್ಟೆಯ ಉಬ್ಬುಗಳ ಮಗ್ಗುಲಿಗೆ ಅಂಟಿಕೊಳ್ಳುತ್ತದೆ. ಉಬ್ಬು ಬೆಳೆದು ಕಂಬವಾಗುತ್ತದೆ, ಕಂಬದ ಮರೆಯಲ್ಲಿದ್ದ ಜಾಗಕ್ಕೆ ಕಣ ತಲುಪದೆ ಸಂದಾಗಿ ಉಳಿಯುತ್ತದೆ. ಕಂಬಗಳ ನಡುವಿನ ಈ ಉದ್ದನೆಯ ಸಂದುಗಳು ಅನಿಲಕ್ಕೆ ಹೆದ್ದಾರಿಗಳು, ಕಂಬದೊಳಗಿನ ಸಣ್ಣ ಕಿಂಡಿಗಳು ಓಣಿಗಳು. ಸುಷಿರತೆ ಹೀಗೆ ಎರಡು ಅಳತೆಗಳಲ್ಲಿ ಇರುವುದು ಅಪೇಕ್ಷಣೀಯ. ಆದರೆ ಕಂಬಗಳು ಅತಿಯಾಗಿ ಬೇರ್ಪಟ್ಟರೆ ಎಲೆಕ್ಟ್ರಾನಿನ ಅಡ್ಡದಾರಿ ಕಡಿಯುತ್ತದೆ, ಪದರ ಸುಲಭವಾಗಿ ಉದುರುತ್ತದೆ.

ನುಣುಪಾದ ರಚನೆಯ ಬಾಳಿಕೆಯ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಿಕ್ಕಲಿನ ಕಣ ಎಷ್ಟು ಸಣ್ಣದೋ ಅಷ್ಟು ಬೇಗ ಅದು ಪಕ್ಕದ ಕಣದೊಡನೆ ಬೆಸೆದು ದಪ್ಪಗಾಗುತ್ತದೆ. ಮುಕ್ಕೂಡಲಿನ ಉದ್ದವನ್ನು ಹೆಚ್ಚಿಸಲೆಂದೇ ಕೈಗೊಂಡ ಸೂಕ್ಷ್ಮತೆ ಸಾವಿರಾರು ಗಂಟೆಗಳ ಕೆಲಸದಲ್ಲಿ ತನ್ನನ್ನು ತಾನೇ ಕಳೆದುಕೊಳ್ಳಬಹುದು. ಇಂಧನ ನಿಂತು ಆನೋಡಿಗೆ ಗಾಳಿ ನುಗ್ಗಿದರೆ ನಿಕ್ಕಲ್ ಮರಳಿ ಆಕ್ಸೈಡಾಗುತ್ತದೆ. ಆಗ ಪ್ರತಿ ಕಣವೂ ಶೇ. 70ರಷ್ಟು ಹಿಗ್ಗುತ್ತದೆ. ಕುಗ್ಗುವಾಗ ಬಯಲನ್ನು ಕೊಟ್ಟ ಉಪಾಯವೇ ಹಿಗ್ಗುವಾಗ ಹಂದರವನ್ನು ಸೀಳುತ್ತದೆ. ಹೀಗೆ ಉಂಟಾದ ಸೀಳೂ ಲೆಕ್ಕದಲ್ಲಿ ಸರಂಧ್ರತೆಯೇ. ಅದನ್ನು ಬಿರುಕು ಎಂದು ಬೇರೆಯಾಗಿ ಕರೆಯುವ ಭಾಷೆಯಲ್ಲಿ ಮಾತ್ರ ಸರಂಧ್ರತೆ ಹೆಚ್ಚಿದೆಯೆಂಬ ಮಾಪನವನ್ನು ನೋಡಿದ ವಿದ್ಯಾರ್ಥಿಯು ಆನೋಡು ಸುಧಾರಿಸಿದೆಯೋ ಒಡೆದಿದೆಯೋ ಎಂದು ಕೇಳಬಲ್ಲ.